ಎಡಗಿವಿಯ ಕಚ್ಚು

2005, ಮಾರ್ಚ್ 3, ಗುರುವಾರ

ಗುಡಿಯ ಸನ್ಯಾಸಿನಿಯಮ್ಮ ಈ ನೋಟ್‌ಬುಕ್ ಕೊಟ್ಟರು. "ಬಾವ್‌ಚಿನ್, ದಿನಾ ಸಂಜೆ ಅವತ್ತಿನ ತಪ್ಪು ಬರಿ. ನಿನ್ನದು ಮಾತ್ರ. ಬೇರೆಯವರ ತಪ್ಪಿನ ಪಟ್ಟಿ ಬೇಡ" ಎಂದರು. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಮರೆತ ಕಡೆ ಒಂದು ಸೊನ್ನೆ ಹಾಕುತ್ತೇನೆ. ಕರುಣೆಯ ದೇವಿ ಗುವಾನ್‌ಯಿನ್ ತಾಯಿಗೆ ಅರ್ಥವಾದರೆ ಸಾಕು.

ಸೋಮವಾರ ನಮ್ಮ ಕಾರ್ಖಾನೆಗೆ ವಸ್ತುಸಂಗ್ರಹಾಲಯದಿಂದ ಒಂದು ಪೆಟ್ಟಿಗೆ ಬಂದಿತ್ತು. ಹತ್ತಿಯೊಳಗೆ ಕವಿ ಶಾಂಗ್ ಮಲಗಿದ್ದ. ತಲೆಯಿಂದ ಎದೆಯವರೆಗಿನ ಪ್ರತಿಮೆ, ಹಾಲಿನ ಕೆನೆಯಂಥ ಬಿಳಿ ಪಿಂಗಾಣಿ. ಇನ್ನೂರು ವರ್ಷದ ಹಿಂದೆ ಬೆಟ್ಟದಾಚೆ ಇದ್ದ ಕವಿಯಂತೆ. ಅರವತ್ತಮೂರನೇ ಇಸವಿಯಲ್ಲಿ ಹಳೆಯ ಸರ್ಕಾರಿ ಕಾರ್ಖಾನೆಯಲ್ಲಿ ಎಂಟು ಸಾಹಿತಿಗಳನ್ನು ಹೀಗೆ ಮಾಡಿದ್ದರು, ಅದರಲ್ಲಿ ಇದೊಂದು. ಇದರ ಅಚ್ಚು ತೆಗೆದು ಮುನ್ನೂರು ಪ್ರತಿ ಮಾಡಿಕೊಡಬೇಕು, ಸಂಗ್ರಹಾಲಯದ ಬಾಗಿಲಲ್ಲಿ ಮಾರುತ್ತಾರಂತೆ.

"ಇಷ್ಟು ದಿನ ಫಾರಿನ್‌ನೋರ ದೇವದೂತರ ರೆಕ್ಕೆ ಕೆರೆದದ್ದಾಯ್ತು, ಇನ್ನು ಕವಿ ಮೂಗು ಕೆರೆಯೋಣ ಬಾ" ಎಂದಳು ಪಕ್ಕದ ಪೀಠದ ಶೂ ಅಕ್ಕ.

ಅಚ್ಚಿನಿಂದ ಹೊರಬಂದ ಮೊದಲ ಹಸಿ ಪ್ರತಿಮೆ ಇವತ್ತು ನನ್ನ ಕೈಗೆ ಬಂತು. ಅಚ್ಚಿನ ಎರಡು ಹೋಳು ಕೂಡುವ ಕಡೆ ಉಳಿಯುವ ಗೆರೆಯನ್ನು ಚಾಕುವಿನಲ್ಲಿ ಕೆರೆದು, ಒದ್ದೆ ಸ್ಪಂಜಿನಲ್ಲಿ ನಯ ಮಾಡುವುದು ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಅದೇ. ಮೊದಲನೆಯದನ್ನು ಬಹಳ ಜೋಪಾನವಾಗಿ ಮಾಡಬೇಕು, ಯಾಕೆಂದರೆ ಮುಂದಿನ ಅಚ್ಚುಗಳೆಲ್ಲ ಇದರ ಮೇಲೆಯೇ ಆಗುತ್ತವೆ. ಯಾನ್ ಯಜಮಾನರು ಬಂದು ಬಗ್ಗಿ ನೋಡಿ, "ಬಾವ್‌ಚಿನ್ ಅಕ್ಕ, ಎಡಗಿವಿ ಅಂಚು ಕಿತ್ತುಹೋಗಿದೆ. ಹಳೇ ಮಾಲು ಅಲ್ವಾ, ಎಲ್ಲೋ ತಗಲಿರಬೇಕು. ಮುಚ್ಚಿಬಿಡಿ" ಎಂದರು.

ಮುಚ್ಚಿದೆ. ಕುಂಬಳದ ಬೀಜದಷ್ಟು ಮಣ್ಣು ಹಿಡಿಯಿತು. ವಿಚಿತ್ರವೆಂದರೆ, ಒತ್ತುವಾಗ ನನ್ನ ಕಿರುಬೆರಳು ತಾನೇ ಹೋಗಿ ಆ ಕಚ್ಚಿನಲ್ಲಿ ಕೂತಿತು, ಅಲ್ಲೇ ಮನೆ ಇದ್ದ ಹಾಗೆ. ಆಮೇಲೆ ಕಿವಿ ಎಷ್ಟು ಚೆನ್ನಾಗಿ ಬಂತೆಂದರೆ ಯಜಮಾನರಿಗೇ ಜಾಗ ಗೊತ್ತಾಗಲಿಲ್ಲ.

ಇಂದಿನ ತಪ್ಪು: ಕೆಲಸದ ಬಗ್ಗೆ ಜಂಬ ಪಟ್ಟೆ. ಗಂಜಿ ಚೆಲ್ಲಿದ್ದಕ್ಕೆ ಹೆತ್ತ ಮುದುಕಿಯನ್ನು ಗದರಿದೆ. ಕಣ್ಣು ಕಾಣದವಳು, ಹೊಟ್ಟೆಯಲ್ಲಿ ಗೆಡ್ಡೆ ಬೆಳೆದವಳು, ಮುಂದಿನ ತಿಂಗಳ ಚಿಂಗ್‌ಮಿಂಗ್, ಹಿರಿಯರ ಸಮಾಧಿ ಪೂಜೆಯ ಹಬ್ಬ, ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದವಳು. ಆದರೂ ಗದರಿದೆ. ಅವಳು ಮಾಡಿದ್ದರ ಮುಂದೆ ಇದೇನು ದೊಡ್ಡದು?

ಕೊನೆಯ ಮಾತು ಬರೆಯಬಾರದಿತ್ತು.

ಮಾರ್ಚ್ 10, ಗುರುವಾರ

ಚಾಂದ್ರ ತಿಂಗಳ ಮೊದಲ ದಿನ. ಮೊಟ್ಟೆಯನ್ನೂ ಮುಟ್ಟದೆ ವ್ರತ ಹಿಡಿದೆ.

ಕವಿಗಳ ಮೊದಲ ಸುಡುವಿಕೆ ಮುಗಿಯಿತು. ಆವಿಗೆಯಿಂದ ಬಂದ ನಲವತ್ತರಲ್ಲಿ ಮೂರಕ್ಕೆ ಹಣೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿತ್ತು. ಒಂದನ್ನು ನನಗೆ ಕೊಟ್ಟರು. ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಹೀಗೆಯೇ: ಕೆಟ್ಟ ಬುದ್ಧ ಬಾಗಿಲಿಗೆ ಒತ್ತು, ಕೆಟ್ಟ ದೇವದೂತ ಕಿಟಕಿಗೆ ಒತ್ತು. ನನ್ನ ಸಾಸಿವೆಸೊಪ್ಪಿನ ಉಪ್ಪಿನಜಾಡಿಗೆ ಒಂದು ಭಾರ ಬೇಕಾಗಿತ್ತು. ಕವಿಯನ್ನು ತೊಳೆದು, ಮುಖ ಮೇಲಾಗಿ ಸೊಪ್ಪಿನ ಮೇಲೆ ಮಲಗಿಸಿದೆ.

"ಸಾಹಿತಿ ಅಂದ್ರೆ ಭಾರ ಇರ್ಲೇಬೇಕು" ಎಂದಳು ಶೂ ಅಕ್ಕ.

ಇಂದಿನ ತಪ್ಪು: ನಕ್ಕೆ. ವ್ರತದ ದಿನ ಮಾತು ಕಡಿಮೆ ಇರಬೇಕಿತ್ತು.

ಮಾರ್ಚ್ 12, ಶನಿವಾರ

ಇವತ್ತು ಬರೆಯಲೇಬೇಕು. ಸೊನ್ನೆಗಳು ಜಾಸ್ತಿಯಾದರೆ ಆಗಲಿ.

ಬೆಳಿಗ್ಗೆ ನಾನು ಬಟ್ಟೆ ಹರವುತ್ತಿದ್ದೆ. ಮುದುಕಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಜಾಡಿಯ ಮುಚ್ಚಳ ತೆಗೆದ ಸದ್ದಾಯಿತು. ಒಂದು ಎಸಳು ಉಪ್ಪುಸೊಪ್ಪು ಬಾಯಿಗೆ ಬೇಕಾಗಿರಬೇಕು, ಅವಳಿಗೆ ಬೇರೇನೂ ರುಚಿಸುವುದಿಲ್ಲ. ಆಮೇಲೆ ಸದ್ದೇ ಇಲ್ಲ. ಬಿದ್ದಳೇನೋ ಎಂದು ಓಡಿದೆ.

ಬಿದ್ದಿರಲಿಲ್ಲ. ಮೊಣಕೈವರೆಗೂ ಕೈ ಜಾಡಿಯೊಳಗಿತ್ತು.

"ಚಿನ್, ಇದು ಯಾರು?"

"ಭಾರಕ್ಕೆ ಇಟ್ಟಿದ್ದಮ್ಮ. ಕವಿ. ಕಾರ್ಖಾನೆದು."

ಅವಳು ಅದನ್ನು ಹೊರಗೆ ಎತ್ತಿಕೊಂಡಳು. ಉಪ್ಪುನೀರು ಧಾರೆಯಾಗಿ ಇಳಿಯುತ್ತಿತ್ತು. ಎರಡು ಹೆಬ್ಬೆರಳಿನಿಂದ ಹುಬ್ಬಿನ ಮೂಳೆ ಸವರಿದಳು, ಮೂಗಿನ ಗೆಣ್ಣು ಸವರಿದಳು, ತುಟಿಯ ಮೂಲೆಯಲ್ಲಿ ಬೆರಳು ನಿಂತಿತು. "ಇಷ್ಟು ಚಿಕ್ಕವನು ಯಾಕಾದ?" ಎಂದು ತನ್ನಷ್ಟಕ್ಕೆ ಎಂದಳು. ಎಡಗಿವಿಗೆ ಬಂದಳು. ಅಲ್ಲಿ ಹುಡುಕಿದಳು. ಇನ್ನೊಮ್ಮೆ ಹುಡುಕಿದಳು. ಅವಳ ಮುಖ ದೀಪ ಆರಿಸಿದ ಹಾಗಾಯಿತು.

"ಅಲ್ಲ. ಕಿವಿ ಪೂರ್ತಿ ಇದೆ. ನಿಮ್ಮಪ್ಪ ಅಲ್ಲ" ಎಂದಳು.

ನಾನು ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ಕೂತೆ.

ಮೂವತ್ತೆಂಟು ವರ್ಷದಿಂದ ಅವಳ ಬಾಯಲ್ಲಿ "ನಿಮ್ಮಪ್ಪ" ಎಂಬ ಮಾತು ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಇವತ್ತು ಅವಳು ಹೇಳಿದಳು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಆವಿಗೆಗೆ ಕಟ್ಟಿಗೆ ಹಾಕುವವರು. ಮೂರ್ತಿ ಮಾಡುವ ಸೂ ಮೇಸ್ತ್ರಿ ಅವರ ಗೆಳೆಯ. ಕವಿ ಶಾಂಗ್ ಹೇಗಿದ್ದ ಎಂದು ಯಾರಿಗೂ ಗೊತ್ತಿರಲಿಲ್ಲ, ಒಂದು ಚಿತ್ರವೂ ಇರಲಿಲ್ಲ. ಮೇಲಿನವರು ಮಾತ್ರ ತಿಂಗಳೊಳಗೆ ಬೇಕು ಎಂದಿದ್ದರು. "ಸೂ ನಿಮ್ಮಪ್ಪನ್ನ ಆರು ಮಧ್ಯಾಹ್ನ ಕೂರಿಸ್ಕೊಂಡ. ದಿನಕ್ಕೊಂದು ಸಿಗರೇಟು ಕೊಟ್ಟ. ನಿಮ್ಮಪ್ಪ ಮನೆಗೆ ಬಂದು, ನೋಡೇ, ನಾನಿನ್ನು ಕವಿ, ಬಗ್ಗಿ ನಡಿ ಅಂತಿದ್ರು. ಕಿವಿ ಸರಿಮಾಡು ಅಂದ್ರೆ ಸೂ ಒಪ್ಪಲಿಲ್ಲವಂತೆ. ಕಿವಿ ತೆಗೆದ್ರೆ ನೀನೇ ಇರಲ್ಲ ಕಣೋ ಅಂದನಂತೆ."

ಆವಿಗೆಯ ಬಾಗಿಲು ಒಡೆಯುವಾಗ ಸಿಡಿದ ಚೂರೊಂದು ಅಪ್ಪನ ಎಡಗಿವಿಯ ಅಂಚನ್ನು ಹಾರಿಸಿಕೊಂಡು ಹೋಗಿತ್ತು.

ಆ ಅಂಚನ್ನು ನಾನು ಮುಚ್ಚಿದೆ. ಕುಂಬಳಬೀಜದಷ್ಟು ಮಣ್ಣಿನಲ್ಲಿ. ನಾನೇ.

ಹೇಗೆ ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳಬಹುದು. ಮಗಳಲ್ಲವೇ ನೀನು? ಗೆರೆ ಕೆರೆಯುವವರ ಕಣ್ಣು ಗೆರೆಯ ಮೇಲಿರುತ್ತದೆ, ಮುಖದ ಮೇಲಲ್ಲ. ಅದೂ ಅಲ್ಲದೆ ಅಪ್ಪನ ಮುಖ ನನಗೆ ನೆನಪೇ ಇಲ್ಲ. ಬೆನ್ನು ನೆನಪಿದೆ, ಬೆಂಕಿಯ ಮುಂದೆ ಬಗ್ಗಿದ ಬೆನ್ನು. ನಾನು ಹನ್ನೆರಡು ವರ್ಷದವಳಿದ್ದಾಗ, ಹಳೆಯ ದೇವರುಗಳನ್ನೆಲ್ಲ ಒಡೆಸುತ್ತಿದ್ದ ಕಾಲದಲ್ಲಿ, ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು ಅವರನ್ನು ಕರೆದುಕೊಂಡು ಹೋದರು. ಆವಿಗೆ ದೇವರ ಪಲ್ಲಕ್ಕಿ ಹೊತ್ತಿದ್ದ ಎಂಬುದೇ ಅವರ ಮೇಲೆ ಹೊರಿಸಿದ ತಪ್ಪು. ಮೂರನೇ ವಾರ ಕಲ್ಲುಗಣಿಯಲ್ಲಿ ಸತ್ತರೆಂದು ಸುದ್ದಿ ಬಂತು. ಅಲ್ಲೇ ಎಲ್ಲೋ ಹೂತರು. ಸಮಾಧಿಯಿಲ್ಲ. ಪಲ್ಲಕ್ಕಿಯ ಪಕ್ಕ ನಿಂತು ತೆಗೆಸಿದ್ದ ಒಂದೇ ಒಂದು ಫೋಟೊ ಇತ್ತು. ಆ ಹುಡುಗರು ಬರುವ ಹಿಂದಿನ ದಿನ, ಸಾಕ್ಷಿ ಸಿಗಬಾರದೆಂದು, ಮುದುಕಿ ಅದನ್ನು ಒಲೆಗೆ ಹಾಕಿದಳು. ನಾನು ನೋಡುತ್ತ ನಿಂತಿದ್ದೆ. ಫೋಟೊ ಸುಟ್ಟರೂ ಕರೆದುಕೊಂಡು ಹೋದರಲ್ಲ.

ನಮ್ಮ ಹಿರಿಯರ ಪೀಠದ ಮೇಲೆ ನನ್ನ ಗಂಡನ ಫೋಟೊ ಇದೆ. ಅಪ್ಪನ ಜಾಗದಲ್ಲಿ ಹೆಸರು ಬರೆದ ಒಂದು ಹಲಗೆ. ಮುಖವಿಲ್ಲ.

ಸಂಜೆ ಮುದುಕಿ ಹೇಳಿದಳು: "ಚಿನ್, ಒಂದು ಸಲ ಆ ನಿಜವಾದದ್ದನ್ನ ಮುಟ್ಟಿಸು. ಆಮೇಲೆ ಹೋಗ್ತೀನಿ. ಅಲ್ಲಿ ಅವರೆದುರು ನಿಂತಾಗ ಮುಖ ಗುರುತು ಸಿಗದಿದ್ರೆ ಏನು ಮಾಡ್ಲಿ? ನನಗೂ ಮರೆತೇಹೋಗಿದೆ."

ಇಂದಿನ ತಪ್ಪು: ಕಿವಿ.

ಮಾರ್ಚ್ 14, ಸೋಮವಾರ

ಬೆಳಿಗ್ಗೆ ಯಜಮಾನರ ಹತ್ತಿರ ಓಡಿದೆ. ಮೂಲ ಪ್ರತಿಮೆ ಹತ್ತು ದಿನದ ಹಿಂದೆಯೇ ವಾಪಸ್ಸು ಹೋಗಿದೆ. ಅದರಿಂದ ತೆಗೆದ ಮೊದಲ ಅಚ್ಚನ್ನು ಒಡೆದು ಪುಡಿ ಮಾಡಿದ್ದಾರೆ, ಸಂಗ್ರಹಾಲಯದ ಕರಾರು ಹಾಗೆಯೇ ಇತ್ತಂತೆ. ಉಳಿದಿರುವ ಹನ್ನೆರಡು ಅಚ್ಚುಗಳಲ್ಲೂ ನನ್ನ ಕಿವಿ. ನಾನು ಮಾಡಿದ ಕಿವಿ.

"ಯಾಕಕ್ಕಾ, ಕಿವಿ ಚೆನ್ನಾಗೇ ಬಂದಿದ್ಯಲ್ಲ?" ಎಂದರು.

ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, "ಈ ವಿಷಯ ಸಂಗ್ರಹಾಲಯದಲ್ಲಿ ಬಾಯಿ ಬಿಡಬೇಡಿ. ಕವಿ ಅಂತ ಕಟ್ಟಿಗೆಯೋನನ್ನ ಮಾರ್ತಿದ್ದೀವಿ ಅಂದ್ರೆ ಆರ್ಡರ್ ಹೋಗುತ್ತೆ" ಎಂದರು. ಕೆಟ್ಟವರಲ್ಲ. ಮೂವತ್ತು ಮಂದಿಗೆ ಅನ್ನ ಹಾಕಬೇಕಾದವರು.

ಇಂದಿನ ತಪ್ಪು: ಆಗಲಿ ಎಂದೆ. ನಾಳಿದ್ದು ಹೋಗುವ ಮನಸ್ಸು ಆಗಲೇ ಮಾಡಿದ್ದೆ.

ಮಾರ್ಚ್ 16, ಬುಧವಾರ

ಸಂಗ್ರಹಾಲಯಕ್ಕೆ ಹೋಗಿದ್ದೆ. ಹತ್ತು ವರ್ಷದಿಂದ ಅದರ ಮುಂದೆಯೇ ಸೈಕಲ್ ತುಳಿದಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ.

ಎಂಟು ಮಂದಿ ಸಾಲಾಗಿ ಗಾಜಿನೊಳಗೆ. ಏಳು ಮಂದಿ ದೂರಕ್ಕೆ ನೋಡುತ್ತಿದ್ದಾರೆ, ಸಾಹಿತಿಗಳು ನೋಡುವ ಹಾಗೆ. ಆರನೆಯವನು ಮಾತ್ರ ಹತ್ತಿರದ ಏನನ್ನೋ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾನೆ. ಬೆಂಕಿಯ ಬಣ್ಣ ನೋಡುವವರು ಹಾಗೆ ನೋಡುತ್ತಾರೆ. ಕಿವಿಯಲ್ಲಿ ಕಚ್ಚು. ನಾನು ಎಷ್ಟು ಹೊತ್ತು ನೋಡಿದರೂ "ಅಪ್ಪ" ಎಂದು ಒಳಗೆ ಯಾರೂ ಕೂಗಲಿಲ್ಲ. ಯಾರೋ ಗಂಡಸು. ಅಷ್ಟೇ.

ಸಂಗ್ರಹ ನೋಡಿಕೊಳ್ಳುವ ಹುಡುಗಿಯ ಹೆಸರು ನಿಂಗ್. ಬಿಳಿ ಕೈಗವಸು ಹಾಕಿಕೊಂಡಿದ್ದಳು.

"ಮುಟ್ಟೋಕೆ ಆಗಲ್ಲ ಚಿಕ್ಕಮ್ಮ. ನಿಮಗೆ ಅಂತಲ್ಲ, ಯಾರಿಗೂ."

"ನನ್ನ ತಾಯಿಗೆ ಕಣ್ಣಿಲ್ಲಮ್ಮ. ಅವಳಿಗೆ ಕೈಯೇ ಕಣ್ಣು."

"ನೀವು ಕವಿ ಶಾಂಗ್ ವಂಶದವರಾ?"

"ಅಲ್ಲ. ಅವನು ನಮ್ಮ ವಂಶದವನು."

ಅವಳಿಗೆ ನಗು ಬಂತು. ನಾನು ಎಲ್ಲ ಹೇಳಿದೆ. ಯಜಮಾನರಿಗೆ ಕೊಟ್ಟ ಮಾತು ಹೋಯಿತು. ಅವಳ ನಗುವೂ ಹೋಯಿತು.

"ಇದಕ್ಕೆ ದಾಖಲೆ ಏನಾದ್ರೂ ಇದೆಯಾ? ನಿಮ್ಮ ತಂದೆಯ ಒಂದು ಫೋಟೊ ತನ್ನಿ, ಹೋಲಿಸಿ ನೋಡಿ ಮೇಲಿನವರಿಗೆ ಬರೀತೀನಿ."

"ಫೋಟೊ ಇದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ ತಾಯಿ?"

ಅವಳು ತಲೆ ತಗ್ಗಿಸಿ ಒಂದು ಕಾರ್ಡು ತೆಗೆದು ಓದಿದಳು: ಎಡಗಿವಿ ಅಂಚಿನಲ್ಲಿ ಒಂದು ಕಚ್ಚು, ತುದಿಗಳು ದುಂಡಗಿವೆ, ಮೇಲೆ ಮೆರುಗು ಕೂತಿದೆ. "ಅಂದ್ರೆ ಸುಡೋಕೆ ಮೊದಲೇ ಆಗಿದ್ದು" ಎಂದಳು ಮೆಲ್ಲಗೆ. "ಬೇಕು ಅಂತಲೇ ಮಾಡಿದ್ದು." ನನ್ನ ಮುಖ ನೋಡಿದಳು. ಆದರೂ ಬೀಗ ತೆಗೆಯಲಿಲ್ಲ. ಬೀಗದ ಕೈ ಅವಳ ಹತ್ತಿರ ಇಲ್ಲವಂತೆ, ಪ್ರಾಂತದ ಕಚೇರಿಗೆ ಅರ್ಜಿ ಹೋಗಬೇಕಂತೆ. ಎರಡು ತಿಂಗಳು.

ಎರಡು ತಿಂಗಳು!

ಇಂದಿನ ತಪ್ಪು: ಕೊಟ್ಟ ಮಾತು ಮುರಿದೆ. ಗಾಜು ಒಡೆಯುವ ಯೋಚನೆ ಬಂತು. ಎರಡು ಸಲ.

ಮಾರ್ಚ್ 20, ಭಾನುವಾರ

ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋದೆ. ಬಸ್ಸಿನಿಂದ ಇಳಿದ ಮೇಲೆ ನೂರಹದಿನಾರು ಮೆಟ್ಟಿಲು. ಅವಳು ಈಗ ಒಂದು ಚೀಲ ಹತ್ತಿಯಷ್ಟೂ ಭಾರವಿಲ್ಲ.

"ಇಳಿಸೇ, ಜನ ನೋಡ್ತಾರೆ."

"ನೋಡ್ಲಿ. ನಿಂಗೆ ಕಾಣುತ್ತಾ?"

ಅವಳು ನಕ್ಕಳು. ಅವಳ ನಗು ನನ್ನ ಕುತ್ತಿಗೆಗೆ ಬೆಚ್ಚಗೆ ತಾಗಿತು.

ಗಾಜಿನ ಮುಂದೆ ನಿಲ್ಲಿಸಿದೆ. ಅವಳು ಎರಡು ಅಂಗೈಯನ್ನೂ ಚಾಚಿದಳು. ಗಾಜಿಗೆ ತಾಗಿತು. ಸವರಿದಳು. ಮೇಲೆ, ಕೆಳಗೆ, ಪಕ್ಕಕ್ಕೆ.

"ಚಪ್ಪಟೆ ಇದಾರಲ್ಲೇ."

"ಅದು ಗಾಜಮ್ಮ. ಅಪ್ಪ ಒಳಗಿದ್ದಾರೆ."

"ಎಷ್ಟು ದೂರ?"

"ಒಂದು ಗೇಣು."

ಅವಳು ಗಾಜಿಗೆ ಹಣೆಯಿಟ್ಟಳು. ಕಾವಲುಗಾರ ಬಂದು, "ಅಜ್ಜಿ, ಹಿಂದೆ ಸರೀರಿ, ಗಾಜು ಗಲೀಜಾಗುತ್ತೆ" ಎಂದ. ನಾನು ತೋಳಿನಿಂದ ಒರೆಸಿದೆ. ಅವಳು ಮತ್ತೆ ಕೈಯಿಟ್ಟಳು. ನಾನು ಮತ್ತೆ ಒರೆಸಿದೆ. ಮೂರನೆಯ ಸಲಕ್ಕೆ ಅವನು ಬೇರೆ ಕಡೆ ತಿರುಗಿ ನಿಂತುಕೊಂಡ. ನಿಂಗ್ ಎಂಬ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಕೈಗವಸನ್ನು ಹಾಕುತ್ತ ತೆಗೆಯುತ್ತ.

ವಾಪಸ್ಸು ಬರುವಾಗ, ಬಸ್ಸು ನಮ್ಮ ಬೀದಿ ಹತ್ತಿರ ಬಂದಾಗ, "ನನಗೆ ಇದೇ ಶಿಕ್ಷೆ ಸರಿ. ಸುಟ್ಟವಳಿಗೆ ಮುಟ್ಟೋ ಯೋಗ ಎಲ್ಲಿಂದ?" ಎಂದಳು.

ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಹೇಳಿಕೊಂಡ ಮಾತು ಅದೇ. ಅವಳ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. "ಸುಡದಿದ್ರೆ ನಮ್ಮಿಬ್ಬರನ್ನೂ ಎಳ್ಕೊಂಡು ಹೋಗ್ತಿದ್ರು, ಸುಮ್ಮನಿರು!" ಎಂದು ಕಿರುಚಿದೆ. ಬಸ್ಸಿನ ಜನ ತಿರುಗಿ ನೋಡಿದರು.

ಇಂದಿನ ತಪ್ಪು: ಬಸ್ಸಿನಲ್ಲಿ ಕಿರುಚಿದೆ.

ಮಾರ್ಚ್ 22, ಮಂಗಳವಾರ

ಅಮ್ಮ ಊಟ ಬಿಟ್ಟಿದ್ದಾಳೆ. ಅಕ್ಕಿ ಗಂಜಿಯ ತಿಳಿ ಎರಡು ಚಮಚ.

ಮಾರ್ಚ್ 24, ಗುರುವಾರ

ಹುಣ್ಣಿಮೆ. ಇವತ್ತಿಗೆ ಮೊಟ್ಟೆ, ಮೀನು ಎರಡನ್ನೂ ಜೀವನಪೂರ್ತಿ ಬಿಟ್ಟೆನೆಂದು ಗುವಾನ್‌ಯಿನ್ ತಾಯಿಯ ಮುಂದೆ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಸಿಟ್ಟು ಬಂತು. ತಾಯೀ, ನಿನ್ನ ಮೂರ್ತಿಗಳ ಸಾವಿರ ಕೈಗಳನ್ನೂ ನಾನೇ ಒಂದೊಂದಾಗಿ ಕೆರೆದು ನಯ ಮಾಡಿದ್ದೇನೆ. ವರ್ಷಕ್ಕೆ ಎಷ್ಟು ಸಾವಿರ! ಅದರಲ್ಲಿ ಒಂದು ಕೈ ಚಾಚಲಾರೆಯಾ?

ಆಗ ನನ್ನ ಕೈ ನೋಡಿಕೊಂಡೆ. ಮುಚ್ಚಿದ್ದು ಇದೇ ಕೈ. ಎಷ್ಟು ಮಣ್ಣು, ಯಾವ ಆಕಾರ, ಎಷ್ಟು ಆಳ, ಎಲ್ಲ ಇದಕ್ಕೆ ಗೊತ್ತು. ಮುಚ್ಚಿದ್ದನ್ನು ತೆಗೆಯಲಾರದೇ?

ಯಜಮಾನರು "ಒಂದು ತಗೊಳ್ಳಿ ಅಕ್ಕ, ಅದಕ್ಕೇನು" ಎಂದರು. ಒಣಗಿದ, ಇನ್ನೂ ಸುಡದ ಪ್ರತಿಮೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೆತ್ತಿದೆ. ಕಿರುಬೆರಳು ಹೋಗಿ ಕೂರುವವರೆಗೆ. ಕೂತಿತು. ಕೂತಾಗ ಥಟ್ಟನೆ ನೆನಪಾಯಿತು: ಅಪ್ಪನ ಬೆನ್ನ ಮೇಲೆ ಏರಿ ಮನೆಗೆ ಬರುವಾಗ ನಾನು ಕಿವಿಯ ಆ ಕಚ್ಚಿಗೆ ಬೆರಳು ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಿದ್ದೆ.

ಪ್ರತಿಮೆಯನ್ನು ಸುಡುವ ಸಾಲಿನ ಕೊನೆಗೆ ಇಟ್ಟೆ. ಆವಿಗೆ ತುಂಬುವವರೆಗೂ ಕಾಯಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಫೋನು, ಅಮ್ಮ ರಕ್ತ ಕಕ್ಕಿದಳೆಂದು. ಓಡಿಬಂದೆ.

ಇಂದಿನ ತಪ್ಪು: ದೇವಿಯನ್ನು ಹಂಗಿಸಿದೆ. ಕ್ಷಮೆ ಕೇಳಲು ಇನ್ನೂ ಮನಸ್ಸಾಗಿಲ್ಲ.

ಮಾರ್ಚ್ 26, ಶನಿವಾರ

ಆವಿಗೆ ತೆರೆದರು. ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ. ಬಿಸಿ ಮುಖಕ್ಕೆ ಹೊಡೆಯಿತು. ಕೊನೆಯ ಸಾಲು, ಕೊನೆಯ ಪ್ರತಿಮೆ. ಚುಕ್ಕೆಯಿಲ್ಲ, ಬಿರುಕಿಲ್ಲ. ಕಿವಿ ಪೂರ್ತಿ.

ಪೂರ್ತಿ ಕಿವಿ. ಪಕ್ಕದ್ದು ನೋಡಿದೆ, ಅದರ ಪಕ್ಕದ್ದು ನೋಡಿದೆ. ನಲವತ್ತು ಕವಿಗಳು, ಎಂಬತ್ತು ಕಿವಿ, ಒಂದರಲ್ಲೂ ಕಚ್ಚಿಲ್ಲ.

"ಏನು ಹುಡುಕ್ತಿದ್ದೀಯೇ?" ಎಂದಳು ಶೂ ಅಕ್ಕ. "ಒಂದರ ಕಿವಿ ಮುಕ್ಕಾಗಿತ್ತಲ್ಲ, ಅದನ್ನಾ? ನೀನು ಓಡಿಹೋದೆ. ಪಾಪ ತಾಯಿ ಚಿಂತೇಲಿ ನೋಡಿಲ್ಲ, ಯಜಮಾನ್ರು ಬೈತಾರೆ ಅಂತ ನಾನೇ ಮುಚ್ಚಿದೆ. ಹೇಗಿದೆ? ನಿನ್ನಷ್ಟೇ ನಯ ಬಂದಿದೆ ನೋಡು."

ನನ್ನ ಹಾಗೆಯೇ. ನನಗೆ ಉಪಕಾರ ಮಾಡಬೇಕೆಂದು.

ನನಗೆ ಅಳುವೂ ಬರಲಿಲ್ಲ. "ಚೆನ್ನಾಗಿದೆ ಅಕ್ಕ" ಎಂದೆ. ಅವಳಿಗೆ ಮುಂಚೆಯೇ ಹೇಳಿದ್ದರೆ ಆಗುತ್ತಿತ್ತು. ಹೇಳಿರಲಿಲ್ಲ. ಅಪ್ಪನ ವಿಷಯ ಯಾರಿಗೂ ಹೇಳದೆ ಇರುವುದು ನಮ್ಮ ಮನೆಯ ರೂಢಿ.

ಕವಿಗಳ ಆರ್ಡರ್ ಮುಗಿಯಿತು. ಇನ್ನು ದೇವದೂತರ ಸರದಿ. ಇನ್ನೊಂದು ಹಸಿ ಪ್ರತಿಮೆ ಎರೆದರೂ, ದೇವದೂತರೆಲ್ಲ ತಯಾರಾಗಿ ಆವಿಗೆ ಮತ್ತೆ ಹೊತ್ತುವಷ್ಟರಲ್ಲಿ ಚಿಂಗ್‌ಮಿಂಗ್ ಕಳೆಯುತ್ತದೆ. ಅಮ್ಮ ಕಾಯುವುದಿಲ್ಲ.

ಮಾರ್ಚ್ 28, ಸೋಮವಾರ

ಗುವಾನ್‌ಯಿನ್ ತಾಯಿ ಹುಟ್ಟಿದ ದಿನ. ಗುಡಿಗೆ ಹೋಗಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಅಮ್ಮನ ಕಾಲುಗಳು ತಣ್ಣಗಾಗುತ್ತಿವೆ. ಉಜ್ಜಿದೆ.

ಏಪ್ರಿಲ್ 1, ಶುಕ್ರವಾರ

ಪೂರ್ತಿ ಕಿವಿಯ ಆ ಕವಿಯನ್ನು ಮನೆಗೆ ತಂದಿದ್ದೆ. ಇವತ್ತು ಬೆಳಿಗ್ಗೆ ಎದುರಿಗಿಟ್ಟುಕೊಂಡು ಒಂದು ಕೆಟ್ಟ ಯೋಚನೆ ಮಾಡಿದೆ. ಸುತ್ತಿಗೆಯಿಂದ ಕಿವಿಗೆ ಒಂದೇಟು ಹಾಕುವುದು, ಅಮ್ಮನ ಕೈಗೆ ಕೊಟ್ಟು, ಸಂಗ್ರಹಾಲಯದವರು ಬೀಗ ತೆಗೆದು ಕೊಟ್ಟರು, ಇದೇ ನಿಜವಾದದ್ದು ಎಂದುಬಿಡುವುದು. ಸುಳ್ಳು ಹೇಳಿ ಗೊತ್ತಿಲ್ಲದ ನನಗೆ ಆ ಸುಳ್ಳು ಬಾಯಿಪಾಠವಾಗಿ ಬರುತ್ತಿತ್ತು.

ಸುತ್ತಿಗೆಗೆ ಧೈರ್ಯ ಬರಲಿಲ್ಲ. ಬಿದ್ದರೆ ಕಿವಿಯೇ ಹೋಗುತ್ತದೆ. ಮೆರುಗಿನ ಹನಿ ಉಜ್ಜುವ ಸಾಣೆಕಡ್ಡಿ ಕಾರ್ಖಾನೆಯಿಂದ ತಂದಿದ್ದೆ. ಅಂಗಳದಲ್ಲಿ ಕೂತು ಉಜ್ಜಲು ಹಿಡಿದೆ. ಸುಟ್ಟ ಪಿಂಗಾಣಿ ಕಲ್ಲಿಗಿಂತ ಗಟ್ಟಿ. ಕರ್ರ್ ಕರ್ರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಅರ್ಧ ಗಂಟೆಗೆ ಒಂದು ಗೀರು ಬಿತ್ತು.

"ಚಿನ್" ಎಂದಳು ಅಮ್ಮ ಒಳಗಿನಿಂದ. "ಏನು ಉಜ್ತಿದ್ದೀಯೇ?"

ಸುಳ್ಳು ತಯಾರಾಗಿತ್ತು. ಬಾಯಿ ತೆರೆದೆ. "ಅಪ್ಪನ ಕಿವಿ" ಎಂದೆ.

ನಾನು ಎಲ್ಲವನ್ನೂ ಅಂಗಳದಿಂದಲೇ ಹೇಳಿದೆ. ಮೊದಲು ಮುಚ್ಚಿದ್ದು ನಾನು, ಆಮೇಲೆ ಶೂ ಅಕ್ಕ, ನಿಜವಾದದ್ದು ಗಾಜಿನೊಳಗೇ ಇದೆ, ಇದು ಮಾರಾಟದ ಮಾಲು, ಮುನ್ನೂರರಲ್ಲಿ ಒಂದು. ಗೋಡೆಗೆ ಹೇಳಿದ ಹಾಗೆ ಹೇಳಿದೆ.

"ಇಲ್ಲಿ ತಾ" ಎಂದಳು.

ಮಂಚದ ಪಕ್ಕ ಕೂತೆ. ಪ್ರತಿಮೆಯನ್ನು ಅವಳ ಹೊಟ್ಟೆಯ ಮೇಲೆ ಇಟ್ಟರೆ ನೋಯುತ್ತದೆಂದು ನನ್ನ ಮಡಿಲಲ್ಲೇ ಇಟ್ಟುಕೊಂಡು ಅವಳ ಬೆರಳನ್ನು ಕಿವಿಗೆ ತಂದೆ.

"ಮೇಲೆ ಮಾಡಿದ್ದೀಯ. ಇನ್ನೂ ಕೆಳಗೆ. ಇಲ್ಲಿ."

"ಇಲ್ಲೇನಾ?"

"ಹೂಂ. ಉಜ್ಜು."

ಉಜ್ಜಿದೆ. ಬಿಳಿ ಪುಡಿ ಅವಳ ಹೊದಿಕೆಯ ಮೇಲೆಲ್ಲ ಬಿತ್ತು. ಸ್ವಲ್ಪ ಹೊತ್ತಿಗೊಮ್ಮೆ ನಿಲ್ಲಿಸುತ್ತಿದ್ದೆ, ಅವಳು ಬೆರಳಿಟ್ಟು ನೋಡುತ್ತಿದ್ದಳು.

"ಇನ್ನೊಂಚೂರು."

"ಕಿವಿ ಮುರಿದೀತು ಅಮ್ಮ."

"ಮುರಿಯಲ್ಲ. ಗಟ್ಟಿ ಮನುಷ್ಯ. ಹಿಂದುಗಡೆ ಓರೆ ಮಾಡು. ಬಾಚಣಿಗೆ ಸಿಕ್ಕಿಕೊಳ್ತಿತ್ತು ಅಲ್ಲಿ, ಬೈಕೊಳ್ಳೋರು."

"ಏನಂತ ಬೈಕೊಳ್ಳೋರು?"

ಅವಳು ಹೇಳಿದಳು. ಇಲ್ಲಿ ಬರೆಯುವ ಮಾತಲ್ಲ. ಇಬ್ಬರೂ ನಕ್ಕೆವು, ಅವಳಿಗೆ ಕೆಮ್ಮು ಬಂತು, ಬಾಯಿ ಒರೆಸಿದೆ, ಮತ್ತೆ ಉಜ್ಜಿದೆ. ಮಧ್ಯಾಹ್ನ ಕಳೆಯಿತು. ನನ್ನ ಬೆರಳ ತುದಿ ಸುಲಿದು ಕಿವಿಗೆ ರಕ್ತ ಅಂಟಿತು. ತೊಳೆದೆ.

"ಈಗ?"

ಅವಳು ಬೆರಳಿಟ್ಟಳು. ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಹುಬ್ಬು, ಮೂಗು, ತುಟಿ ಎಲ್ಲ ಒಂದು ಸುತ್ತು ಬಂದಳು.

"ಸಾಕು" ಎಂದಳು. "ಇವರೇ."

"ಚಿಕ್ಕವರಾಗಿಲ್ವಾ ಅಮ್ಮ? ನಿಜವಾದದ್ದಕ್ಕಿಂತ ಆರರಲ್ಲೊಂದು ಪಾಲು ಕಮ್ಮಿ."

"ಆವಿಗೆ ಊರಲ್ಲಿ ಹುಟ್ಟಿ ಇದೇನು ಕೇಳ್ತೀಯ? ಬೆಂಕಿಗೆ ಹೋಗಿ ಬಂದದ್ದು ಯಾವುದು ಚಿಕ್ಕದಾಗಿಲ್ಲ?" ಎಂದಳು.

ಏಪ್ರಿಲ್ 5, ಮಂಗಳವಾರ

ಚಿಂಗ್‌ಮಿಂಗ್. ಅಮ್ಮ ಇದ್ದಾಳೆ. ಉಸಿರು ಎಣಿಸುವ ಹಾಗೆ ಬರುತ್ತಿದೆ.

ಬೀದಿಯವರೆಲ್ಲ ಬುಟ್ಟಿ ಹಿಡಿದು ಬೆಟ್ಟಕ್ಕೆ ಹೋದರು. ಶೂ ಅಕ್ಕ ಬಂದಿದ್ದಳು. ಮೊನ್ನೆ ಎಲ್ಲ ಹೇಳಿದ್ದೆ. ಒಂದು ತಟ್ಟೆ ಹಸಿರು ಹಿಟ್ಟಿನ ಉಂಡೆ, ಒಂದು ಪ್ಯಾಕೆಟ್ ಸಿಗರೇಟು ತಂದಿದ್ದಳು. "ದಿನಕ್ಕೊಂದು ಅಂತ ಒಪ್ಪಂದ ಇತ್ತಲ್ಲ, ಬಾಕಿ ತೀರಿಸ್ತಿದ್ದೀನಿ" ಎಂದು ಅತ್ತಳು.

ಪ್ರತಿಮೆಯನ್ನು ಪೀಠದ ಮೇಲಿಡಲು ಹೋದೆ. ಅಮ್ಮ ಬಿಡಲಿಲ್ಲ. ದಿಂಬಿನ ಮೇಲೆ ಇಬ್ಬರ ತಲೆಯೂ ಪಕ್ಕಪಕ್ಕ. ಅವಳ ಬೆರಳು ಕಚ್ಚಿನಲ್ಲಿದೆ. ಹಾಗಾಗಿ ಉಂಡೆ, ಚಹಾ, ಊದುಬತ್ತಿ ಎಲ್ಲವನ್ನೂ ಮಂಚದ ಪಕ್ಕಕ್ಕೇ ತಂದೆ. ಮಂಡಿಯೂರಿ ಮೂರು ಸಲ ಹಣೆ ಹಚ್ಚಿದೆ. ಯಾರಿಗೆ ಎಂದು ವಿಂಗಡಿಸಲಿಲ್ಲ.

ಎದ್ದಾಗ ಕಿಟಕಿಯ ಬೆಳಕು ಓರೆಯಾಗಿ ಬಿದ್ದಿತ್ತು. ಕಣ್ಣು ಕಿರಿದು ಮಾಡಿಕೊಂ‌ಡ ಆ ಮುಖ, ಮುಕ್ಕಾದ ಕಿವಿ. ಬೆಂಕಿಯ ಮುಂದೆ ಬಗ್ಗಿದ್ದ ಬೆನ್ನು ಮೆಲ್ಲಗೆ ತಿರುಗಿ, ಬೂದಿ ಮೆತ್ತಿದ ಹುಬ್ಬೆತ್ತಿ, ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತ ನನ್ನನ್ನು ನೋಡಿತು. "ಬಂದ್ಯಾ ಮಗಳೇ" ಎನ್ನುವ ಮುಖ. ಅದೇ. ಅದೇ ಆಗಿತ್ತು.

ಅಮ್ಮನಿಗೆ ಹೇಳಿದೆ. ಕೇಳಿಸಿತೋ ಇಲ್ಲವೋ, ಬೆರಳು ಸ್ವಲ್ಪ ಅಲ್ಲಾಡಿತು.

ಇಂದಿನ ತಪ್ಪು: ಬೆಳಿಗ್ಗೆ ಗುವಾನ್‌ಯಿನ್ ತಾಯಿಗೆ ದೀಪ ಹಚ್ಚುವುದು ಮರೆತೆ. ಈಗಲೂ ಹಚ್ಚಲು ಏಳಲಾರೆ. ಅಮ್ಮನ ಇನ್ನೊಂದು ಕೈ ನನ್ನ ಕೈಯಲ್ಲಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.